ಬರೀ ಟೆಸ್ಟಿಂಗಾ?

ಹೋದ ಭಾನುವಾರ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳಿದರು, "ಏನ್ ಕೆಲಸ ನಿಮ್ದು?" ಲಿನಕ್ಸ್ ಕರ್ನಲ್ಲಿನ ಮೆಮೊರಿ ಭಾಗವನ್ನ ಟೆಸ್ಟ್ ಮಾಡ್ತೀನಿ ಅಂದೆ. "ಓ... ಬರೀ ಟೆಸ್ಟಿಂಗಾ? ಡೆವಲಪ್‌ಮೆಂಟಿಗೆ ಟ್ರೈ ಮಾಡ್ಲಿಲ್ವಾ?" ಅಂತ ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅವರ ಮೇಲೆ ನನಗೆ ಕೋಪ ಇಲ್ಲ ಬಿಡಿ. ಕೋಪ ಬರೋದು ಕೋಡ್ ಬರೆಯೋರೇ ಹೀಗಂದಾಗ. ಬಗ್ ಸರಿಮಾಡಿದ್ದೀರಲ್ಲ, ಅದಕ್ಕೊಂದು ಟೆಸ್ಟೂ ಬರೆದಿಡಿ ಅಂದರೆ "ಸರಿಹೋಯ್ತಲ್ಲಾ, ಇನ್ಯಾಕೆ?" ಅಂತಾರಲ್ಲ, ಅವರಿಗೆ ಈ ಪೋಸ್ಟು.

ಒಂದು ಹಸುವಿನ ಕಥೆ ಹೇಳ್ತೀನಿ. ಪುಣ್ಯಕೋಟಿಯಲ್ಲ, ಕೊಳಕು ಹಸು.

ಒಂದು ಪ್ರೋಗ್ರಾಮು ಫೋರ್ಕ್ ಆಗಿ ಎರಡಾದಾಗ ಕರ್ನಲ್ ಅದರ ಮೆಮೊರಿಯನ್ನೆಲ್ಲಾ ಕೂಡಲೇ ನಕಲು ಮಾಡೋದಿಲ್ಲ. ಇಬ್ಬರೂ ಒಂದೇ ಪುಟ ಓದಿಕೊಂಡಿರಲಿ, ಬರೆಯೋಕೆ ಹೊರಟವರಿಗೆ ಆಗ ಒಂದು ಜೆರಾಕ್ಸ್ ಕೊಟ್ಟರಾಯ್ತು ಅನ್ನೋ ಲೆಕ್ಕ. ಇದಕ್ಕೆ ಕಾಪಿ ಆನ್ ರೈಟ್ ಅಂತಾರೆ, ಚಿಕ್ಕದಾಗಿ ಕೌ. ಓದಲಷ್ಟೇ ಅನುಮತಿ ಇರುವ ಫೈಲನ್ನು ಖಾಸಗಿಯಾಗಿ ಮ್ಯಾಪ್ ಮಾಡಿಕೊಂಡರೂ ಇದೇ ನಿಯಮ. ನೀವು ಗೀಚಿದ್ದು ನಿಮ್ಮ ಜೆರಾಕ್ಸಿನ ಮೇಲೆ, ಮೂಲ ಫೈಲು ಇದ್ದ ಹಾಗೇ ಇರಬೇಕು.

2016ರ ಅಕ್ಟೋಬರಿನಲ್ಲಿ ಬಯಲಾದ 'ಡರ್ಟಿ ಕೌ' ಬಗ್ ಈ ನಿಯಮಕ್ಕೇ ಕನ್ನ ಹಾಕಿತ್ತು. ಕರ್ನಲ್ ಜೆರಾಕ್ಸ್ ಮಾಡಿ ಮುಗಿಸಿ, "ಇವನು ಬರೆಯೋಕೆ ಬಂದವನು" ಅನ್ನೋ ಗುರುತನ್ನು ಅಳಿಸಿ, ಮತ್ತೊಮ್ಮೆ ಪುಟ ಹುಡುಕುತ್ತಿತ್ತು. ಆ ಸಂದಿನಲ್ಲಿ ಇನ್ನೊಂದು ಥ್ರೆಡ್ ಆ ಜೆರಾಕ್ಸನ್ನು ಬಿಸಾಕಿಬಿಟ್ಟರೆ? ಸಿಗೋದು ಮೂಲ ಪುಟ. ಬರೆಯೋದೂ ಅದರ ಮೇಲೇ! ಸಾಮಾನ್ಯ ಬಳಕೆದಾರ ರೂಟ್ ಆಗೋಕೆ ಇಷ್ಟು ಸಾಕು. ಫಿಲ್ ಓಸ್ಟರ್ ಇದನ್ನು ಹಿಡಿದದ್ದು ಕೋಡ್ ಓದುತ್ತಾ ಅಲ್ಲ, ಯಾರೋ ದಾಳಿಗೆ ಬಳಸಿದ ಪ್ರೋಗ್ರಾಮು ಕೈಗೆ ಸಿಕ್ಕಿದ್ದರಿಂದ.

ಹೊಟ್ಟೆ ಉರಿಯೋದು ಇನ್ನು ಮುಂದಿನದಕ್ಕೆ. ಲೈನಸ್ ಟೋರ್ವಾಲ್ಡ್ಸ್ ಈ ಬಗ್ಗನ್ನು 2005ರಲ್ಲೇ ಸರಿಮಾಡಲು ಹೋಗಿದ್ದರು! ಐಬಿಎಂನ ಎಸ್390 ಮೇನ್‌ಫ್ರೇಮಿನಲ್ಲಿ ತೊಂದರೆಯಾಯಿತೆಂದು ಆ ರಿಪೇರಿಯನ್ನು ವಾಪಸ್ ತೆಗೆಯಲಾಯಿತು. 2016ರ ಪ್ಯಾಚಿನಲ್ಲಿ ಇದನ್ನು ಅವರೇ ಒಪ್ಪಿಕೊಂಡಿದ್ದಾರೆ, ದೊಡ್ಡ ಮನುಷ್ಯ. ಆಗ ಬರೀ ಕಾಗದದ ಮೇಲಿದ್ದ ರೇಸು, ಕರ್ನಲ್ ಬೆಳೆದ ಹಾಗೆ ಸುಲಭವಾಗಿ ಕೈಗೆ ಸಿಗುವಂತಾಯಿತು ಅಂತಲೂ ಬರೆದಿದ್ದಾರೆ. 2007ರ 2.6.22 ಆವೃತ್ತಿಯಿಂದ ಹಿಡಿದರೂ ಒಂಬತ್ತು ವರ್ಷ ಬಾಗಿಲು ತೆರೆದೇ ಇತ್ತು.

"2005ರಲ್ಲಿ ಟೆಸ್ಟ್ ಇದ್ದಿದ್ರೂ ಪಾಸೇ ಆಗ್ತಿತ್ತು ಕಣ್ರೀ, ಆಗಿನ ಮೆಷಿನ್ನಲ್ಲಿ ರೇಸ್ ಎಲ್ಲಿ ಸಿಗ್ತಿತ್ತು" ಅಂತೀರಾ? ಇರಬಹುದು, ಒಪ್ತೀನಿ. ಆದರೆ ರಿಗ್ರೆಶನ್ ಟೆಸ್ಟ್ ಬರೆಯೋದು ಬರೆದ ದಿನಕ್ಕಲ್ಲ ಸ್ವಾಮೀ. ರಿಪೇರಿ ಬಿದ್ದುಹೋದರೂ ಟೆಸ್ಟ್ ಅಲ್ಲೇ ಕೂತಿರುತ್ತೆ. ಎಂಟು ಕೋರಿನ ಮೆಷಿನ್ ಬಂದ ದಿನ, ಯಾರೋ ಒಬ್ಬ ಅದನ್ನು ರಾತ್ರಿಯೆಲ್ಲಾ ಓಡಿಸಿದ ದಿನ, ಅದು ಕೂಗಿಕೊಳ್ಳೋ ಸಾಧ್ಯತೆ ಇರುತ್ತೆ. ಮರೆತವರಿಗೆ ನೆನಪು ಮಾಡೋಕೆ ಬೇರೆ ಏನಿತ್ತು ಹೇಳಿ? ಒಂದು ಹಳೇ ಕಮಿಟ್ ಮೆಸೇಜು. ಅದನ್ನು ಯಾರು ಓದ್ತಾರೆ?

ರೇಸ್ ಕಂಡೀಶನ್ನನ್ನು ಟೆಸ್ಟ್ ಮಾಡೋಕಾಗಲ್ಲ ಅನ್ನೋದು ಇನ್ನೊಂದು ನೆಪ. ಲಿನಕ್ಸ್ ಟೆಸ್ಟ್ ಪ್ರಾಜೆಕ್ಟಿನಲ್ಲಿ ಡರ್ಟಿ ಕೌಗೆ ಟೆಸ್ಟ್ ಇದೆ, ಹೋಗಿ ನೋಡಿ. ಎರಡು ಥ್ರೆಡ್‌ಗಳ ಹೊತ್ತನ್ನು ಚೂರು ಚೂರು ಹಿಂದೆ ಮುಂದೆ ಸರಿಸುತ್ತಾ ಆ ಸಂದು ಹುಡುಕೋಕೇ ಅಂತ ಅಲ್ಲಿ ಒಂದು ಲೈಬ್ರರಿಯೂ ಇದೆ.

ಕಥೆ ಅಲ್ಲಿಗೂ ಮುಗೀಲಿಲ್ಲ. ಅದೇ ರಿಪೇರಿಯನ್ನು ದೊಡ್ಡ ಪುಟಗಳಿಗೆ ಹೊಂದಿಸಿದ್ದರಲ್ಲಿ ತಪ್ಪಾಗಿ, 2017ರ ನವೆಂಬರಿನಲ್ಲಿ 'ಹ್ಯೂಜ್ ಡರ್ಟಿ ಕೌ' ಬಂತು. 2020ರಲ್ಲಿ ಇದೇ ಕಾಪಿ ಆನ್ ರೈಟಿನ ಇನ್ನೊಂದು ತೂತು ಮುಚ್ಚಲು ಹೋಗಿ ಬೇರೆಯವರ ಪ್ರೋಗ್ರಾಮುಗಳು ಕೆಟ್ಟವು. ಕೊನೆಗೆ ಡೇವಿಡ್ ಹಿಲ್ಡೆನ್‌ಬ್ರಾಂಡ್ 2022ರಲ್ಲಿ, ಯಾವ ಪುಟ ಒಬ್ಬರಿಗೇ ಸೇರಿದ್ದು ಅಂತ ಗುರುತಿಡೋ ವ್ಯವಸ್ಥೆ ತಂದರು. ಅಷ್ಟಕ್ಕೇ ಕೈ ತೊಳೆದುಕೊಳ್ಳದೆ ಕರ್ನಲ್ಲಿನ ಒಳಗೇ ಕಾಪಿ ಆನ್ ರೈಟಿಗೆ ಟೆಸ್ಟುಗಳನ್ನೂ ಬರೆದಿಟ್ಟರು. ಮಾಮೂಲಿ ಪುಟ, ದೊಡ್ಡ ಪುಟ, ಸ್ವಾಪಿಗೆ ಹೋದ ಪುಟ ಎಲ್ಲಕ್ಕೂ! ಇವರನ್ನು 'ಬರೀ' ಟೆಸ್ಟರ್ ಅಂತೀರಾ?

ನನ್ನದೂ ಒಂದಿದೆ. ಹಿಂದಿನ ಕಂಪನಿಯಲ್ಲಿ ನಾನು ಬರೆದ ಮೆಮೊರಿ ಟೆಸ್ಟೊಂದು ಮುನ್ನೂರು ಸಲ ಓಡಿಸಿದರೆ ಒಂದು ಸಲ ಫೇಲ್ ಆಗ್ತಿತ್ತು. ರಿಲೀಸ್ ಹತ್ತಿರ ಬಂತು, ಮ್ಯಾನೇಜರ್ ಅದಕ್ಕೆ 'ಫ್ಲೇಕಿ' ಅಂತ ಹಣೆಪಟ್ಟಿ ಅಂಟಿಸಿ ಆಫ್ ಮಾಡಿಸಿದರು. ನಾನೂ ಸುಮ್ಮನಾದೆ. ಐದು ತಿಂಗಳ ಮೇಲೆ ಗಿರಾಕಿಯ ಕಡೆಯಿಂದ ಬಂದ ಕ್ರ್ಯಾಶ್ ಲಾಗಿನಲ್ಲಿ ಅದೇ ಫಂಕ್ಷನ್ನಿನ ಹೆಸರು. ಜಗಳ ಆಡಬೇಕಿತ್ತು ಅಂತ ಇವತ್ತಿಗೂ ಅನ್ಸುತ್ತೆ.

ಕೋಡ್ ಬರೆಯೋ ಬ್ಲಾಗಿಗರೇ, ನಾಳೆ ಆಫೀಸಿಗೆ ಹೋದಾಗ ಹೀಗೆ ಆಫ್ ಮಾಡಿಟ್ಟ ಟೆಸ್ಟುಗಳು ಎಷ್ಟಿವೆ ಅಂತ ಎಣಿಸಿ ನೋಡಿ. ಸಂಖ್ಯೆ ನನಗೂ ಹೇಳಿ, ನಗಲ್ಲ.