ಮುಚ್ಚಿದರೆ ಮಲಗಬೇಕೇ?

ಇದೂ ಒಂದು ಬರೆಯುವ ವಿಷಯವೇ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಲ್ಯಾಪ್‌ಟಾಪಿಗೆ ಬೇರೆ ಮಾನಿಟರ್ ಸಿಕ್ಕಿಸಿಕೊಂಡು ಕೂರುವವರು ಒಮ್ಮೆ ಓದಿಬಿಡಿ.

ಕಾರವಾರದ ನಮ್ಮ ಮನೆಯ ಮೇಜು ಚಿಕ್ಕದು. ದೊಡ್ಡ ಮಾನಿಟರು, ಕೀಬೋರ್ಡು ಇಟ್ಟಮೇಲೆ ಲ್ಯಾಪ್‌ಟಾಪ್ ಬಿಚ್ಚಿಡಲು ಜಾಗವಿಲ್ಲ. ಮುಚ್ಚಿದರೋ, ಅದು ನಿದ್ದೆಹೋಗಿ ಮಾನಿಟರೂ ಕಪ್ಪು! ಅದಕ್ಕೇ 'ಚಾರ್ಜರ್ ಇದ್ದಾಗ ಮುಚ್ಚಿದರೆ ಸುಮ್ಮನಿರು, ಬ್ಯಾಟರಿಯಲ್ಲಿದ್ದಾಗ ಮಲಗು' ಅಂತ ಸೆಟ್ಟಿಂಗ್ ಬದಲಿಸಿದೆ. ದೊಡ್ಡ ಜಾಣ ಅಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಒಂದು ದಿನ, ಅಂಕೋಲೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕನ್ನಡ ಟೈಪಿಂಗ್ ತೋರಿಸಬೇಕಿತ್ತು. ಬಸ್ಸಿನ ಗಡಿಬಿಡಿ. ಕೇಬಲ್ಲು, ಚಾರ್ಜರು ಕಿತ್ತು, ಮುಚ್ಚಿಯೇ ಇದ್ದ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಓಡಿದೆ. ಅವರ್ಸಾ ದಾಟುವಾಗ ಪಕ್ಕದ ಸೀಟಿನ ಹಿರಿಯರು, "ತಮ್ಮಾ, ಊಟದ ಡಬ್ಬಿ ಇಟ್ಟಿದ್ದೀಯಾ? ಬಿಸಿ ತಾಗ್ತದೆ" ಅಂದರು. ತೆಗೆದರೆ ಫ್ಯಾನು ಭರ್ರೆನ್ನುತ್ತಿದೆ, ಬ್ಯಾಟರಿ ತಳ ಕಂಡಿದೆ. ಶಾಲೆಯಲ್ಲಿ ಕರೆಂಟೂ ಇಲ್ಲ. ಕಪ್ಪುಹಲಗೆ ಮೇಲೆ ಸೀಮೆಸುಣ್ಣದಲ್ಲಿ ಕೀಬೋರ್ಡ್ ಬರೆದು ಪಾಠ ಮಾಡಿದೆ. (ಮಕ್ಕಳಿಗೆ ಅದೇ ಖುಷಿಯಾಯಿತು, ಬಿಡಿ.)

ಆದದ್ದಿಷ್ಟು. ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಸೆನ್ಸರ್. ನನ್ನ ಯಂತ್ರ ಗಮನಿಸುವುದು ಮುಚ್ಚಿದ ಆ ಕ್ಷಣವನ್ನು ಮಾತ್ರ. ಆ ಕ್ಷಣದಲ್ಲಿ ಚಾರ್ಜರ್ ಇತ್ತು, ಸುಮ್ಮನಾಯಿತು. ಆಮೇಲೆ ಎಲ್ಲ ಕಿತ್ತರೂ ಮುಚ್ಚಳ ಹೊಸದಾಗಿ ಮುಚ್ಚಲಿಲ್ಲವಲ್ಲ! 'ಮುಚ್ಚಿಯೇ ಇದೆ, ಮಾನಿಟರ್ ಹೋಯಿತು, ಇನ್ನು ಮಲಗೋಣ' ಅಂತ ಯೋಚಿಸುವವರು ಯಾರು? ಬಳಸುವವನೇ ನೆನಪಿಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮುಚ್ಚಳ ಅಂದರೆ ಒಂದು ಪರದೆ, ಅಷ್ಟೇ. ಬೇರೆ ಪರದೆ ಇದ್ದರೆ ಕೆಲಸ ನಡೆಯಲಿ, ಕೊನೆಯ ಪರದೆಯೂ ಹೋದಾಗ ಯಂತ್ರ ತಾನಾಗಿ ಮಲಗಲಿ.

ಲಿನಕ್ಸಿನ ಸಿಸ್ಟಮ್‌ಡಿ ಹೆಚ್ಚುಕಡಿಮೆ ಹೀಗೇ ಮಾಡುತ್ತದೆ. ಒಂದಕ್ಕಿಂತ ಹೆಚ್ಚು ಪರದೆ ಇದ್ದರೆ ಮುಚ್ಚಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಚ್ಚಿರುವಷ್ಟು ಹೊತ್ತೂ ಮತ್ತೆ ಮತ್ತೆ ನೋಡುತ್ತದೆ. ಆನ್ ಆದ ಮೇಲೆ ಮೊದಲ 30 ಸೆಕೆಂಡು ಮುಚ್ಚಳದ ಗೊಡವೆಗೇ ಹೋಗುವುದಿಲ್ಲ, ಮಾನಿಟರ್ ಗುರುತು ಸಿಗಲಿ ಅಂತ.

ಆದರೂ ನನ್ನ ತಕರಾರೊಂದಿದೆ. ಮಾನಿಟರ್ ಇದೆ ಎಂದಾದರೆ ಅದು ಕರೆಂಟಿನ ವಿಚಾರವನ್ನೇ ಕೇಳುವುದಿಲ್ಲ. ನಮ್ಮ ಕಡೆಯ ಮಳೆ ಗೊತ್ತಲ್ಲ, ಕರೆಂಟ್ ಹೋದರೆ ಹೋಯಿತು. ಎಚ್‌ಡಿಎಂಐ ಕೇಬಲ್ ಲ್ಯಾಪ್‌ಟಾಪಿನಿಂದಲೇ 5 ವೋಲ್ಟ್ ಒಯ್ಯುವುದರಿಂದ, ಸತ್ತ ಮಾನಿಟರೂ ಕೆಲವೊಮ್ಮೆ 'ನಾನಿದ್ದೇನೆ' ಅನ್ನುತ್ತದೆ. ಕಪ್ಪು ಪರದೆ ನಂಬಿಕೊಂಡು ಬ್ಯಾಟರಿ ಮುಗಿಯುವವರೆಗೆ ಯಂತ್ರ ಎಚ್ಚರ! ಹೊರಗಿನ ಕರೆಂಟ್ ಹೋಗಿ ಐದು ನಿಮಿಷವಾದರೆ, ಮುಚ್ಚಿದ್ದು ಮಲಗಬೇಕು.

ನಿಮ್ಮದು ಏನು ಮಾಡುತ್ತದೆ? ಇವತ್ತೇ ಮುಚ್ಚಿಟ್ಟು, ಕೇಬಲ್ಲು ಚಾರ್ಜರು ಎರಡೂ ಕಿತ್ತು, ಎರಡು ನಿಮಿಷ ಕಿವಿಗೊಟ್ಟು ಕೇಳಿ.