ಮನೆಯ ಯಂತ್ರಗಳು: ಗಾಜಿನ ದೋಷವೋ, ದುಭಾಷಿಯ ದೋಷವೋ?

ಚನ್ನಪಟ್ಟಣದಲ್ಲಿರುವ ನನ್ನ ತಂಗಿಯ ಮನೆಯವರಿಗೆ ಹಾಲೆಮರವನ್ನು ಕಡೆದು, ಅರಗಿನ ಬಣ್ಣವಿಟ್ಟು, ಗೊಂಬೆ ಮಾಡುವುದೇ ಜೀವನೋಪಾಯ. ಕಡೆಯುವ ಕೆಲಸ ಆಕೆಯ ಯಜಮಾನರದು. ಪರವೂರಿನ ವರ್ತಕರಿಗೆ ಗೊಂಬೆಗಳ ಚಿತ್ರಗಳನ್ನು ಕಳುಹಿಸಿ ಬೇಡಿಕೆಯನ್ನು ತರಿಸಿಕೊಳ್ಳುವ ಕೆಲಸ ಆಕೆಯದು. ಇದಕ್ಕೆ ಅವರಲ್ಲಿರುವ ಸಾಧನವೆಂದರೆ, 2012ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್. ಈಚೆಗೆ ಅದಕ್ಕೆ ವಿಂಡೋಸ್ 10ನ್ನು ಹೊಸದಾಗಿ ಹಾಕಿಸಿ ತಂದಮೇಲೆ ಅಕ್ಷರಗಳು ಮಂಕಾದುವು. ಚಿತ್ರಗಳು ಅಡ್ಡಕ್ಕೆ ಹಿಗ್ಗಿದುವು. ದುಂಡನೆಯ ಬುಗುರಿ ಕೋಳಿಮೊಟ್ಟೆಯಂತೆ ಕಂಡಿತು. ತಾನು ಚಿತ್ರ ತೆಗೆದುದರಲ್ಲಿಯೇ ತಪ್ಪಿರಬೇಕೆಂದು ಬಗೆದ ಆ ಸಾಧ್ವಿ, ಒಂದೊಂದು ಚಿತ್ರದ ಅಗಲವನ್ನೂ ಕುಗ್ಗಿಸಿ, ತನ್ನ ಕಣ್ಣಿಗೆ ದುಂಡಾಗುವಂತೆ ತಿದ್ದಿ ಕಳುಹಿಸಿಬಿಟ್ಟಳು. ದಸರೆಗೆ ಬೇಡಿಕೆ ಕೊಡಬೇಕಾಗಿದ್ದ ವರ್ತಕರಿಂದ, "ಈ ಸಲ ನಿಮ್ಮ ಗೊಂಬೆಗಳೇಕೆ ಇಷ್ಟು ಬಡಕಲಾಗಿವೆ?" ಎಂದು ಉತ್ತರ ಬಂದಿತು.

ರಾಮನಗರದ ರಿಪೇರಿ ಅಂಗಡಿಯೊಂದರವರು ನೋಡಿ, ಪರದೆಯ ಗಾಜನ್ನೇ ಬದಲಾಯಿಸಬೇಕೆಂದರಂತೆ. "ಅಣ್ಣಯ್ಯ, ಗಾಜಿಗೆ ಹಣ ಸುರಿಯುವುದೋ, ಸಾಲ ಮಾಡಿ ಹೊಸದನ್ನೇ ಕೊಳ್ಳುವುದೋ, ನೀನೇ ಹೇಳು" ಎಂದು ಕೇಳಿದಳು. ಎರಡೂ ಬೇಡ, ನಾನು ಬರುವವರೆಗೂ ತಡೆ ಎಂದೆನು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ಲ್ಯಾಪ್‌ಟಾಪಿನ ಪರದೆಯು ಅಸಂಖ್ಯ ಚುಕ್ಕಿಗಳ ಜಾಲ. ಆ ಕಾಲದ ಯಂತ್ರಗಳಲ್ಲಿ ಬಹಳ ಸಾಮಾನ್ಯವಾಗಿದ್ದ ಪರದೆಯಲ್ಲಿ ಅಡ್ಡಸಾಲಿಗೆ 1366, ಉದ್ದಸಾಲಿಗೆ 768 ಚುಕ್ಕಿಗಳು. ಈ ಲೆಕ್ಕಕ್ಕೇ ರೆಸಲ್ಯೂಷನ್ ಎಂದು ಹೆಸರು. ಚಿತ್ರವನ್ನು ಸಿದ್ಧಪಡಿಸುವ ಗ್ರಾಫಿಕ್ಸ್ ಭಾಗಕ್ಕೂ ವಿಂಡೋಸಿಗೂ ನಡುವೆ ಡ್ರೈವರ್ ಎಂಬ ದುಭಾಷಿಯೊಬ್ಬನುಂಟು. ಅವನಿಲ್ಲದಾಗ ವಿಂಡೋಸ್ ಎಲ್ಲ ಯಂತ್ರಗಳಿಗೂ ಹೊಂದುವ ಒಬ್ಬ ಸಾಮಾನ್ಯ ದುಭಾಷಿಯನ್ನು ನಿಲ್ಲಿಸಿಕೊಂಡು ಹೇಗೋ ಕಾಲ ನೂಕುವುದು. ಇವನು ಅನೇಕ ವೇಳೆ 1024×768ಕ್ಕಿಂತ ಮೇಲೆ ಹೋಗಲರಿಯನು. 1024 ಚುಕ್ಕಿಗಳ ಚಿತ್ರವನ್ನು 1366 ಚುಕ್ಕಿಗಳ ಮೇಲೆ ಹರಡಿದರೆ, ಮೂರು ಚುಕ್ಕಿಗಳಿಗಿದ್ದುದನ್ನು ನಾಲ್ಕಕ್ಕೆ ಹಂಚಿದಂತಾಗುವುದು. ಎತ್ತರ ಹಾಗೆಯೇ ಉಳಿದು ಅಗಲ ಮಾತ್ರ ಮೂರರಲ್ಲಿ ಒಂದು ಪಾಲು ಹೆಚ್ಚುವುದರಿಂದ ಬುಗುರಿಯು ಮೊಟ್ಟೆಯಾಗುವುದು. ನಮ್ಮ ಲಿಪಿಗಂತೂ ಇದರಿಂದ ಹೆಚ್ಚಿನ ಕಷ್ಟ. ಹೊಟ್ಟೆಯೊಳಗಿನ ಒಂದು ಗೀಟು ಮಸುಕಾದರೆ 'ಷ'ಕಾರವು 'ಪ'ಕಾರವೇ ಆಯಿತು. ಒತ್ತಕ್ಷರಗಳ ಗತಿಯನ್ನಂತೂ ಕೇಳಬೇಕಾದುದಿಲ್ಲ. ಮಾಗಡಿಯ ವೃದ್ಧ ಮಿತ್ರರೊಬ್ಬರು ಇಂಥದೇ ಪರದೆಯಲ್ಲಿ ತಮ್ಮ ಜಮೀನಿನ ಪಹಣಿಯನ್ನು ಓದಲಾರದೆ, ಕಣ್ಣಿಗೆ ಪೊರೆ ಬಂದಿತೆಂದೇ ನಂಬಿದ್ದರು.

ಗಾಜೇ ಕೆಟ್ಟಿದೆಯೆ ಎಂಬುದನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಗೆರೆಗಳೋ ಕಲೆಗಳೋ ಕಾಣುತ್ತಿದ್ದರೆ, ಪರದೆಯ ಚಿತ್ರವನ್ನು ಯಂತ್ರದಿಂದಲೇ ಸ್ಕ್ರೀನ್‌ಷಾಟ್ ತೆಗೆದು ಮೊಬೈಲಿನಲ್ಲಿ ನೋಡಿರಿ. ಗಾಜಿನ ದೋಷವು ಆ ಚಿತ್ರದಲ್ಲಿ ಬರಲಾರದು. ಕೇಬಲಿನ ಮೂಲಕ ಮನೆಯ ಟಿ.ವಿ.ಗೆ ಜೋಡಿಸಿದಾಗ ಅಲ್ಲಿ ಬಿಂಬವು ಶುದ್ಧವಾಗಿದ್ದರೆ, ದೋಷವು ಗಾಜಿನಲ್ಲಿಯೋ ಅದರ ತಂತಿಯಲ್ಲಿಯೋ ಇರಬೇಕು. ಮುಚ್ಚಳವನ್ನು ಹಿಂದೆಮುಂದೆ ಆಡಿಸಿದಾಗ ಮಿಣುಕು ಹೆಚ್ಚುಕಡಿಮೆಯಾದರೆ ತಂತಿಯನ್ನೇ ಸಂಶಯಿಸತಕ್ಕದ್ದು. ಕನಕಪುರದ ನೆಂಟರೊಬ್ಬರ ಯಂತ್ರದಲ್ಲಿ ಆದುದು ಇದೇ. ಅಂಥ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ಲೇಸು.

ತಂಗಿಯ ಪರದೆಯಲ್ಲಿ ಗೆರೆಯಿಲ್ಲ, ಮಿಣುಕಿಲ್ಲ; ಹಿಗ್ಗು ಮಾತ್ರ. ಪರದೆಯ ಖಾಲಿ ಜಾಗದಲ್ಲಿ ಬಲಗುಂಡಿಯನ್ನೊತ್ತಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ತೆರೆದೆನು. ರೆಸಲ್ಯೂಷನ್ನಿನ ಪಟ್ಟಿಯಲ್ಲಿ 1366×768 ಇದ್ದಿದ್ದರೆ ಅದನ್ನು ಆರಿಸಿ ಎದ್ದುಬರಬಹುದಾಗಿತ್ತು, ಅದು ಇರಲಿಲ್ಲ. ಬಳಿಕ ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿಯನ್ನೊತ್ತಿ 'ಡಿವೈಸ್ ಮ್ಯಾನೇಜರ್'ಗೆ ಹೋಗಿ, 'ಡಿಸ್‌ಪ್ಲೇ ಅಡಾಪ್ಟರ್ಸ್' ಎಂಬುದನ್ನು ಬಿಡಿಸಿ ನೋಡಲು, ಇಂಟೆಲ್ಲಿನ ಹೆಸರಿರಬೇಕಾದೆಡೆಯಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿತ್ತು. ಕಳ್ಳ ಸಿಕ್ಕಿದನು.

ಆ ಯಂತ್ರದ್ದು 2011ರಲ್ಲಿ ಬಂದ ಎರಡನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್. ಇಂಟೆಲ್ಲಿನವರು ಅದರ ಗ್ರಾಫಿಕ್ಸಿಗೆ ವಿಂಡೋಸ್ 10ಕ್ಕಾಗಿ ಬೇರೆ ಡ್ರೈವರನ್ನು ರಚಿಸಲಿಲ್ಲ. ಹಿಂದಿನದನ್ನೇ ವಿಂಡೋಸ್ ಅಪ್‌ಡೇಟ್ ತಾನಾಗಿ ತಂದು ಕೂಡಿಸುವುದು. ಹಾಗಾದರೆ ಇಲ್ಲೇಕೆ ತರಲಿಲ್ಲ? ತಂಗಿಯು ಮೊಬೈಲಿನಿಂದ ಇಂಟರ್‌ನೆಟ್ ಪಡೆಯುತ್ತಿದ್ದು, ಡೇಟಾ ವ್ಯಯವಾದೀತೆಂದು ಅದನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತಿಸಿದ್ದಳು. ಅಂಥ ಸಂಪರ್ಕದಲ್ಲಿ, ಅಪ್ಪಣೆಯಿಲ್ಲದೆ ಡ್ರೈವರುಗಳು ಇಳಿಯವು. ಮಿತವ್ಯಯವನ್ನು ಹಳಿಯಲು ನನಗೆ ಬಾಯಿ ಬರಲಿಲ್ಲ. ಆ ಗುರುತನ್ನು ತೆಗೆದು, ಅಪ್‌ಡೇಟನ್ನು ಹುಡುಕಲು ಬಿಟ್ಟು, ಕಾಫಿ ಕುಡಿಯುತ್ತ ಕುಳಿತೆವು. ಪರದೆಯು ಒಮ್ಮೆ ಕಪ್ಪಾಯಿತು. "ಹೋಯಿತು!" ಎಂದು ತಂಗಿ ಎದ್ದು ನಿಂತಳು. ಮರುಕ್ಷಣವೇ ಬೆಳಕು ಬಂದಿತು, ಬುಗುರಿಯು ದುಂಡಾಗಿತ್ತು.

ಎಲ್ಲರಿಗೂ ಇಷ್ಟು ಸುಲಭವಾಗದಿರಬಹುದು. ಅಂಥವರು ಯಂತ್ರದ ತಳದಲ್ಲಿ ಬರೆದಿರುವ ಮಾದರಿಯ ಹೆಸರನ್ನು ಗುರುತು ಹಾಕಿಕೊಂಡು, ತಯಾರಕರ ಸ್ವಂತ ಜಾಲತಾಣದಿಂದಲೇ ಡ್ರೈವರನ್ನು ಪಡೆಯಬೇಕು. ಡ್ರೈವರುಗಳನ್ನು ಪುಕ್ಕಟೆ ಹಂಚುವೆವೆಂದು ಕೂಗುವ ಬೇರೆ ತಾಣಗಳ ಹತ್ತಿರ ಸುಳಿಯಬಾರದು. ಹೊಸ ಡ್ರೈವರಿನಿಂದಲೇ ಕೆಟ್ಟಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬುದು ಹಳೆಯದನ್ನು ಮರಳಿ ಕೂರಿಸುವುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಇಟ್ಟುಕೊಳ್ಳದಿರುವಂತೆ ತಂಗಿಗೆ ಹೇಳಿ ಬಂದಿದ್ದೇನೆ. ಲಿನಕ್ಸ್ ಹಾಕಿದರೆ ಇಂಥ ಹಳೆಯ ಇಂಟೆಲ್ ಗ್ರಾಫಿಕ್ಸಿನ ಡ್ರೈವರು ಅದರೊಳಗೇ ಇರುವುದು. ಆ ವಿಚಾರವನ್ನು ಮುಂದೊಮ್ಮೆ ಬರೆಯುವೆನು.

ಅಂದು ರಾತ್ರಿಯೇ ಆಕೆ, ತಿದ್ದದ ಮೂಲ ಚಿತ್ರಗಳನ್ನು ಒಂದು ಕ್ಷಮಾಪಣೆಯೊಡನೆ ವರ್ತಕರಿಗೆ ಕಳುಹಿಸಿದಳು. ಇದನ್ನು ಬರೆಯುವ ಹೊತ್ತಿಗೆ ಅವರ ಉತ್ತರ ಬಂದಿಲ್ಲ.