ಕಚೇರಿ ದೀಪದ ಲೆಕ್ಕ: ಉಳಿದ ಹಣ ಯಾರ ಖಾತೆಗೆ?

ಸರ್ಕಾರಿ ಕಚೇರಿಗಳ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ದೀಪ ಅಳವಡಿಸಿದರೆ ಬೆಳಕಿನ ವೆಚ್ಚ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂಬುದು ಈಗ ವಿವಾದದ ವಿಷಯವಲ್ಲ. ಆದರೂ ತಾಲ್ಲೂಕು ಮಟ್ಟದ ಅನೇಕ ಕಚೇರಿಗಳಲ್ಲಿ ಚೋಕ್ ಗುಂಯ್‌ಗುಡುವ, ತುದಿಗಳಲ್ಲಿ ಕಪ್ಪಿಟ್ಟ ಟ್ಯೂಬುಗಳು ಇಂದಿಗೂ ಕಾಣಸಿಗುತ್ತವೆ. ಇದಕ್ಕೆ ತಂತ್ರಜ್ಞಾನದ ಅಜ್ಞಾನ ಕಾರಣವಲ್ಲ. ಕಾರಣ ನಮ್ಮ ಆಡಳಿತದ ಖರ್ಚು-ವೆಚ್ಚದ ರಚನೆಯಲ್ಲಿದೆ.

ಕೊಪ್ಪಳ ಜಿಲ್ಲೆಯನ್ನೇ ತೆಗೆದುಕೊಳ್ಳಬಹುದು. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದಾಗ ಇಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. 2018ರಲ್ಲಿ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಸಂಖ್ಯೆ ಏಳಕ್ಕೇರಿತು. ತಾಲ್ಲೂಕು ಹೆಚ್ಚಿದಂತೆ ತಹಶೀಲ್ದಾರ್ ಕಚೇರಿ, ತಾಲ್ಲೂಕು ಪಂಚಾಯಿತಿ, ವಿವಿಧ ಇಲಾಖೆಗಳ ಶಾಖೆಗಳು ಹೆಚ್ಚುತ್ತವೆ. ಪ್ರತಿಯೊಂದಕ್ಕೂ ಮೀಟರು, ಪ್ರತಿ ಮೀಟರಿಗೂ ಬಿಲ್ಲು. ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ದೇಗುಲದ ಕೆತ್ತನೆಗೆ ಹೇಳಿದ್ದು. ಕಡತ ನೋಡುವ ಕಣ್ಣಿಗೂ ಒಳ್ಳೆಯ ಬೆಳಕು ಬೇಕೆಂಬುದು ಬೇರೆ ಮಾತು.

ಮೊದಲು ಲೆಕ್ಕ. ನಾಲ್ಕು ಅಡಿಯ ಹಳೆಯ ಟ್ಯೂಬು 36 ಅಥವಾ 40 ವ್ಯಾಟ್‌ನದು. ತಾಮ್ರದ ಚೋಕ್ ನುಂಗುವ ವಿದ್ಯುತ್ತನ್ನೂ ಸೇರಿಸಿದರೆ 50 ವ್ಯಾಟ್ ದಾಟುತ್ತದೆ. ಅದೇ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಸಾಕು. ನೂರು ದೀಪಗಳಿರುವ ಕಚೇರಿಯೊಂದರಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ದೀಪ ಉರಿದರೆ, ದೀಪವೊಂದಕ್ಕೆ 30 ವ್ಯಾಟ್ ಉಳಿತಾಯದಂತೆ 6,000 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ 48,000 ರೂಪಾಯಿ. ದೀಪವೊಂದಕ್ಕೆ 300 ರೂಪಾಯಿ ತೆತ್ತರೂ ಹಾಕಿದ 30,000 ರೂಪಾಯಿ ಎಂಟು ತಿಂಗಳೊಳಗೆ ಮರಳಿ ಬರುತ್ತದೆ.

ಆದರೆ ಈ ಲೆಕ್ಕ ಎಲ್ಲ ಕಚೇರಿಗಳಿಗೂ ಒಂದೇ ಅಲ್ಲ. ಈಗಾಗಲೇ ಎಲೆಕ್ಟ್ರಾನಿಕ್ ಚೋಕ್‌ನ 28 ವ್ಯಾಟ್‌ನ ತೆಳು ಟ್ಯೂಬು ಹಾಕಿಸಿಕೊಂಡ ಕಡೆ ದೀಪವೊಂದಕ್ಕೆ ಉಳಿಯುವುದು ಸುಮಾರು 11 ವ್ಯಾಟ್ ಮಾತ್ರ; ಹಣ ಮರಳಲು ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ದಿನಕ್ಕೆ ಎರಡು ಗಂಟೆ ಉರಿಯುವ ದಾಖಲೆ ಕೊಠಡಿಯ ದೀಪವನ್ನು ಬದಲಿಸಲು ಅವಸರಪಡಬೇಕಾಗಿಲ್ಲ. ಇನ್ನು ಬಯಲುಸೀಮೆಯ ಬಿಸಿಲಿರುವ ಊರುಗಳಲ್ಲಿ ಕಿಟಕಿಗೆ ಅಡ್ಡಲಾಗಿ ಬೀರು ನಿಲ್ಲಿಸಿ, ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಿ ಕೂರುವ ಪದ್ಧತಿಗೆ ಎಲ್‌ಇಡಿಯಲ್ಲಿ ಪರಿಹಾರವಿಲ್ಲ. ಬೀರು ಸರಿಸಲು ಟೆಂಡರ್ ಬೇಕಾಗಿಲ್ಲ.

ಮಂಜೂರಾದ ಹೊರೆಯ ಸಂಗತಿ ಬಹುತೇಕರ ಗಮನಕ್ಕೆ ಬರುವುದಿಲ್ಲ. ಬಿಲ್ಲಿನಲ್ಲಿ ಬಳಕೆಯ ದರವಲ್ಲದೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ 3 ಕಿಲೋವ್ಯಾಟ್ ಹೊರೆ ತಗ್ಗಿದರೂ, ಹೊರೆ ಇಳಿಸಿಕೊಡುವಂತೆ ಜೆಸ್ಕಾಂಗೆ ಅರ್ಜಿ ಸಲ್ಲಿಸದಿದ್ದರೆ ಹಳೆಯ ಶುಲ್ಕವೇ ಮುಂದುವರಿಯುತ್ತದೆ.

ರಾಜ್ಯಕ್ಕೆ ಈ ವಿಚಾರದಲ್ಲಿ ಅನುಭವದ ಕೊರತೆಯಿಲ್ಲ. ಸಿಎಫ್‌ಎಲ್ ದೀಪ ಕೊಂಡು ಹಣವನ್ನು ಬಿಲ್ಲಿನೊಂದಿಗೆ ಕಂತುಗಳಲ್ಲಿ ತೀರಿಸುವ ಯೋಜನೆಯನ್ನು ಬೆಸ್ಕಾಂ 2004ರಲ್ಲೇ ಬೆಂಗಳೂರಿನಲ್ಲಿ ಆರಂಭಿಸಿತ್ತು. ಸರ್ಕಾರಿ ಕಟ್ಟಡಗಳಲ್ಲಿ ಸಿಎಫ್‌ಎಲ್ ಕಡ್ಡಾಯವೆಂಬ ಆದೇಶ 2007ರಲ್ಲಿ ಹೊರಬಿತ್ತು. 2015ರ ಡಿಸೆಂಬರ್‌ನಲ್ಲಿ ಬಂದ ‘ಹೊಸ ಬೆಳಕು’ ಯೋಜನೆಯಡಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು 100 ರೂಪಾಯಿಗೆ ಮನೆಗಳನ್ನು ತಲುಪಿತು. ಸಗಟು ಖರೀದಿಯ ಬಲದಿಂದ ದೇಶದಲ್ಲಿ ಎಲ್‌ಇಡಿ ದರ ಪಾತಾಳಕ್ಕಿಳಿಯಿತು. 2014ರಲ್ಲಿ 310 ರೂಪಾಯಿಗೆ ಬಲ್ಬು ಕೊಂಡಿದ್ದ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಎರಡು-ಮೂರು ವರ್ಷಗಳಲ್ಲಿ ಅದನ್ನು 40 ರೂಪಾಯಿಗಿಂತ ಕಡಿಮೆಗೆ ಪಡೆಯಿತು. ಮನೆಯಲ್ಲಿ ದೀಪ ಬದಲಿಸಿದವನಿಗೆ ಮುಂದಿನ ಬಿಲ್ಲಿನಲ್ಲೇ ಫಲ ಕಾಣುತ್ತಿತ್ತು. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಿಗೆ ಆ ಬಿಲ್ಲೂ ಇಲ್ಲವಾಗಿದೆ. ಕಚೇರಿಗಳಿಗೆ ಗೃಹಜ್ಯೋತಿಯಿಲ್ಲ, ಆದರೆ ಬಿಲ್ಲಿನ ಬಿಸಿಯೂ ಅಲ್ಲಿ ಯಾರಿಗೂ ನೇರವಾಗಿ ತಟ್ಟುವುದಿಲ್ಲ.

ಗಂಟು ಇರುವುದು ಇಲ್ಲಿಯೇ. ಸಾಮಾನ್ಯವಾಗಿ ಕಟ್ಟಡದ ವಿದ್ಯುತ್ ಕಾಮಗಾರಿ ಲೋಕೋಪಯೋಗಿ ಇಲಾಖೆಯದು. ಬಿಲ್ಲು ಕಟ್ಟುವುದು ಕಚೇರಿಯ ಇಲಾಖೆ, ಅದೂ ಸಾದಿಲ್ವಾರು ವೆಚ್ಚದಿಂದ. ದೀಪಕ್ಕೆ ಹಣ ಹಾಕುವವರು ಒಬ್ಬರು, ಲಾಭ ಬರುವುದು ಇನ್ನೊಬ್ಬರಿಗೆ. ಲಾಭ ಬಂದ ಕಚೇರಿಯಾದರೂ ಅದನ್ನು ಕುರ್ಚಿ ರಿಪೇರಿಗೋ ಕುಡಿಯುವ ನೀರಿಗೋ ಬಳಸುವಂತಿಲ್ಲ. ಉಳಿದದ್ದು ಮಾರ್ಚ್ ಅಂತ್ಯಕ್ಕೆ ಮರಳಿ ಹೋಗುತ್ತದೆ, ಮರುವರ್ಷದ ಅನುದಾನವೂ ಕಡಿತವಾಗಬಹುದು. ಮಿತವ್ಯಯ ಮಾಡಿದ ಅಧಿಕಾರಿಗೆ ಇದು ಬಹುಮಾನವಲ್ಲ, ದಂಡ. ಮತ್ತೊಂದೆಡೆ ಸರ್ಕಾರಿ ಇಲಾಖೆಗಳು ಮತ್ತು ಸ್ಥಳೀಯ ಸಂಸ್ಥೆಗಳು ವಿದ್ಯುತ್ ಕಂಪನಿಗಳಿಗೆ ಸಾವಿರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿವೆ. ಬಿಲ್ಲನ್ನೇ ಕಟ್ಟದವನಿಗೆ ಬಿಲ್ಲು ಇಳಿಸುವ ಹುಮ್ಮಸ್ಸು ಎಲ್ಲಿಂದ ಬಂದೀತು?

ಬಂಡವಾಳವನ್ನು ತಾನೇ ಹೂಡಿ, ಉಳಿತಾಯದಿಂದ ಕಂತಿನಲ್ಲಿ ಹಣ ಪಡೆಯುವ ಮಾದರಿಯನ್ನು ಇಇಎಸ್‌ಎಲ್ ಬೀದಿದೀಪ ಮತ್ತು ಕಟ್ಟಡಗಳಲ್ಲಿ ಪ್ರಯೋಗಿಸಿದೆ. ದೊಡ್ಡ ಕಟ್ಟಡಕ್ಕೆ ಇದು ಒಪ್ಪುತ್ತದೆ. ಮೂವತ್ತು-ನಲವತ್ತು ದೀಪಗಳ ಕಚೇರಿಯೊಂದಕ್ಕೆ ಕರಾರು ಬರೆಯುವ ಶ್ರಮವೇ ಉಳಿತಾಯವನ್ನು ಮೀರೀತು. ಜಿಲ್ಲೆಯ ಎಲ್ಲ ಕಚೇರಿಗಳನ್ನು ಒಂದೇ ಪಟ್ಟಿಗೆ ಸೇರಿಸಿ, ಜಿಲ್ಲಾಡಳಿತದ ಮೂಲಕ ಒಟ್ಟಾಗಿ ಖರೀದಿಸಿ, ಉಳಿದ ಹಣದ ಒಂದು ಪಾಲನ್ನು ಎರಡು-ಮೂರು ವರ್ಷ ಆಯಾ ಕಚೇರಿಗೇ ಬಿಡುವುದು ಇದಕ್ಕಿಂತ ಸರಳ. ಅದಕ್ಕೆ ಬೇಕಿರುವುದು ಹಣಕಾಸು ಇಲಾಖೆಯ ಒಪ್ಪಿಗೆ.

ಖರೀದಿಯಲ್ಲೂ ಎಚ್ಚರ ಬೇಕು. ವೋಲ್ಟೇಜ್ ಇಳಿದಾಗ ಹಳೆಯ ಟ್ಯೂಬು ಮಿಣುಕುತ್ತದೆಯೇ ಹೊರತು ಹತ್ತುವುದಿಲ್ಲ. ಒಳ್ಳೆಯ ಎಲ್‌ಇಡಿ ಅಲ್ಲಿಯೂ ಉರಿಯುತ್ತದೆ. ಆದರೆ ಸಿಡಿಲು-ಗಾಳಿಯ ದಿನಗಳಲ್ಲಿ ವೋಲ್ಟೇಜ್ ಹಠಾತ್ತನೆ ಏರಿದಾಗ ಅಗ್ಗದ ಎಲ್‌ಇಡಿಯ ಡ್ರೈವರ್ ಸುಟ್ಟುಹೋಗುತ್ತದೆ. ಅತಿ ಕಡಿಮೆ ದರದ ಬಿಡ್ಡಿಗೆ ಮಣೆ ಹಾಕಿ, ವಾರಂಟಿ ಕರಾರನ್ನು ಕಡತದಲ್ಲಿ ಹುಡುಕಾಡುವ ಸ್ಥಿತಿ ಬಂದರೆ ಎಂಟು ತಿಂಗಳ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಹಳೆಯ ಫಿಟ್ಟಿಂಗಿಗೆ ಎಲ್‌ಇಡಿ ಟ್ಯೂಬು ತುರುಕುವುದಕ್ಕಿಂತ ಇಡೀ ಫಿಟ್ಟಿಂಗನ್ನೇ ಬದಲಿಸುವುದು ಕ್ಷೇಮ.

ನಿರ್ಧಾರ ಮುಂದೂಡುವುದಕ್ಕೂ ಮಿತಿಯಿದೆ. ಪಾದರಸ ಕುರಿತ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಅನುಮೋದನೆ ನೀಡಿದೆ. ಅದರ ಸದಸ್ಯ ದೇಶಗಳು 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿ, ಉದ್ದನೆಯ ಪ್ರತಿದೀಪ್ತ ಟ್ಯೂಬುಗಳ ತಯಾರಿಕೆ ಮತ್ತು ಆಮದು-ರಫ್ತನ್ನು ಹಂತಹಂತವಾಗಿ 2027ರೊಳಗೆ ಕೊನೆಗೊಳಿಸಲು ತೀರ್ಮಾನಿಸಿವೆ. ಪ್ರತಿ ಟ್ಯೂಬಿನಲ್ಲಿ ಇರುವ ಪಾದರಸ ಕೆಲವೇ ಮಿಲಿಗ್ರಾಂ. ಆದರೆ ಜಿಲ್ಲೆಯ ಕಚೇರಿಗಳಿಂದ ಒಮ್ಮೆಗೇ ಹೊರಬೀಳುವ ಟ್ಯೂಬುಗಳ ರಾಶಿ ಸಣ್ಣದಲ್ಲ. ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ಅಧಿಕೃತ ಮರುಬಳಕೆದಾರರ ಕೈಸೇರಬೇಕು. ದೀಪ ಖರೀದಿಯ ಟೆಂಡರಿನಲ್ಲೇ ಹಳೆಯ ಟ್ಯೂಬುಗಳನ್ನು ಒಡೆಯದೆ ಸಾಗಿಸುವ ಹೊಣೆಯನ್ನು ಗುತ್ತಿಗೆದಾರನಿಗೆ ವಹಿಸದಿದ್ದರೆ, ಅವು ಕಚೇರಿಯ ಹಿತ್ತಲಿನಲ್ಲೋ ಪಟ್ಟಣ ಪಂಚಾಯಿತಿಯ ಕಸದ ಗಾಡಿಯಲ್ಲೋ ಪುಡಿಯಾಗುತ್ತವೆ.